ಎರಡು ಶುಕ್ರವಾರಗಳ ನಡುವೆ: ಕೆರೊಲಿನಾದಲ್ಲಿ ಪಿಕಪ್ ರೇಸಿನ ಹಿಂದೆ

ಶುಕ್ರವಾರ, ಏಪ್ರಿಲ್ 11, 2025 – ಬ್ರಿಸ್ಟಲ್

ನಾಸ್ಕಾರ್ ಅಂದರೆ ಕಾರ್ ರೇಸು ಅಂತಲೇ ನಮ್ಮಲ್ಲಿ ಹೆಚ್ಚಿನವರ ಲೆಕ್ಕ. ಅದರೊಳಗೆ ಪಿಕಪ್ ಗಾಡಿಗಳದ್ದೇ ಒಂದು ಸರಣಿ ಇದೆ. ಹೆಸರು ಕ್ರಾಫ್ಟ್ಸ್‌ಮನ್ ಟ್ರಕ್ ಸೀರೀಸ್. 2025ರಲ್ಲಿ ಅದು ಫೆಬ್ರವರಿಯಲ್ಲಿ ಡೇಟೋನಾದಲ್ಲಿ ಶುರುವಾಗಿ ಅಕ್ಟೋಬರ್ ಕೊನೆಗೆ ಫೀನಿಕ್ಸ್‌ನಲ್ಲಿ ಮುಗಿಯಿತು, ಒಟ್ಟು 25 ರೇಸು. ಸಾರಿಗೆ ಸಂಸ್ಥೆಯ ಡಿಪೊದಲ್ಲಿ ಬಸ್ಸುಗಳ ಕೆಳಗೆ ಮಲಗಿಯೇ ಸರ್ವೀಸ್ ಮುಗಿಸಿದ ನನಗೆ ಇದು ಗೊತ್ತಾಗಿದ್ದು ಷಾರ್ಲೆಟ್‌ನಲ್ಲಿರುವ ತಮ್ಮನ ಮಗ ಅಮೋಘನಿಂದ. ಅವನಿಗೆ ಹದಿನಾಲ್ಕು ವರ್ಷ. ಕಂಪ್ಯೂಟರಿಗೆ ಸ್ಟೀರಿಂಗು ಪೆಡಲು ಕಟ್ಟಿಕೊಂಡು ರಾತ್ರಿಯೆಲ್ಲ ರೇಸ್ ಓಡಿಸುತ್ತಾನೆ. "ದೊಡ್ಡಪ್ಪ, ನೀವು ಬಂದಿರೋ ಟೈಮ್ ಕರೆಕ್ಟಾಗಿದೆ, ಈ ಶುಕ್ರವಾರ ಬ್ರಿಸ್ಟಲ್, ಮುಂದಿನ ಶುಕ್ರವಾರ ರಾಕಿಂಗ್‌ಹ್ಯಾಮ್, ಎರಡಕ್ಕೂ ಕಾರಲ್ಲೇ ಹೋಗಬಹುದು" ಅಂದ. ನಯಾಗರಾ ನೋಡುವ ಪ್ಲಾನ್ ಅಲ್ಲಿಗೆ ಮುಗಿಯಿತು.

ಬೆಳಿಗ್ಗೆ ಹೊರಟೆವು. ತಮ್ಮ, ಅಮೋಘ, ನಾನು. ತಮ್ಮನ ಹೆಂಡತಿ "ಭಾವ, ಅಲ್ಲಿ ನಿಮಗೆ ತಿನ್ನೋಕೆ ಏನೂ ಸಿಗಲ್ಲ" ಅಂತ ಪುಳಿಯೋಗರೆ, ಮೊಸರನ್ನ ಕಟ್ಟಿಕೊಟ್ಟಳು. ಇಲ್ಲಿನ ಟ್ರ್ಯಾಕುಗಳಲ್ಲಿ ಒಂದು ಅಳತೆಯ ಚೀಲದವರೆಗೆ ಮನೆಯ ಊಟ, ನೀರು ಒಳಗೆ ಒಯ್ಯಬಹುದು. ನಮ್ಮ ಕ್ರಿಕೆಟ್ ಸ್ಟೇಡಿಯಮ್ಮಿನ ಗೇಟಲ್ಲಿ ನೀರಿನ ಬಾಟಲಿ ಎಸೆದು ಬಂದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು.

ಹಿಕರಿ, ಲೆನೊಯರ್ ದಾಟಿ ಬ್ಲೋಯಿಂಗ್ ರಾಕ್ ಕಡೆಗೆ ಹತ್ತಿದರೆ ಘಟ್ಟ. ಕಾಡು ಇನ್ನೂ ಪೂರ್ತಿ ಚಿಗುರಿರಲಿಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ಹೆಲೀನ್ ಚಂಡಮಾರುತ ಈ ಬೆಟ್ಟಗಳನ್ನು ಹಿಂಡಿಹಾಕಿತ್ತು, ಬೇರು ಸಮೇತ ಬಿದ್ದ ಮರಗಳು ಅಲ್ಲಲ್ಲಿ ಹಾಗೆಯೇ ಇದ್ದವು. ಆಗ ರಸ್ತೆ ಕಡಿದುಹೋದ ಹಳ್ಳಿಗಳಿಗೆ ತನ್ನ ಸ್ವಂತ ಹೆಲಿಕಾಪ್ಟರಿನಲ್ಲಿ ದಿನಗಟ್ಟಲೆ ಸಾಮಾನು ಹೊತ್ತು ಹಾಕಿದವನು ಗ್ರೆಗ್ ಬಿಫಲ್, 2000ನೇ ಇಸವಿಯ ಟ್ರಕ್ ಚಾಂಪಿಯನ್. ಅದನ್ನು ತಮ್ಮ ಹೇಳಿದ, ಅವನು ರೇಸ್ ನೋಡುವವನೇ ಅಲ್ಲ, ಆದರೂ ಆ ಹೆಸರು ಅವನಿಗೆ ಗೊತ್ತಿತ್ತು. (2025ರ ಡಿಸೆಂಬರಿನಲ್ಲಿ ಬಿಫಲ್ ಮತ್ತು ಅವರ ಕುಟುಂಬ ಸ್ಟೇಟ್ಸ್‌ವಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದ ಸುದ್ದಿ ಊರಲ್ಲಿ ಕೂತು ಓದಿದಾಗ ಈ ರಸ್ತೆಯೇ ನೆನಪಾಯಿತು.)

ಬೂನ್ ಆದಮೇಲೆ 421ನೇ ಹೆದ್ದಾರಿ ಟೆನ್ನೆಸ್ಸಿಗೆ ಇಳಿಯುತ್ತದೆ. ಶೇಡಿ ವ್ಯಾಲಿ ಹತ್ತಿರದ ತುಂಡಿಗೆ ಇಲ್ಲಿನವರು 'ದಿ ಸ್ನೇಕ್' ಅಂತಾರೆ, ಬೈಕಿನವರು ಅದಕ್ಕೆಂದೇ ಬರುತ್ತಾರೆ. ಅಮೋಘನಿಗೆ ಹೊಟ್ಟೆ ತೊಳಸಿತು. ಗಂಟೆಗೆ ಇನ್ನೂರು ಕಿಲೋಮೀಟರ್ ಓಡಿಸುವ ಹುಡುಗ, ಕಂಪ್ಯೂಟರಿನಲ್ಲಿ.

ಬ್ರಿಸ್ಟಲ್ ಊರು ಎರಡು ರಾಜ್ಯದಲ್ಲಿದೆ. ಸ್ಟೇಟ್ ಸ್ಟ್ರೀಟ್‌ನ ಒಂದು ಕಡೆ ಟೆನ್ನೆಸ್ಸಿ, ಇನ್ನೊಂದು ಕಡೆ ವರ್ಜೀನಿಯಾ. ಅದನ್ನು ಕಾರಿನಿಂದಲೇ ನೋಡಿ ಮುಂದೆ ಹೋದೆವು, ಏಕೆಂದರೆ ದೂರದಲ್ಲೇ ಟ್ರ್ಯಾಕು ಕಾಣುತ್ತಿತ್ತು. ಟ್ರ್ಯಾಕು ಅನ್ನುವುದಕ್ಕಿಂತ ಬಯಲಿನ ನಡುವೆ ನಿಂತ ಒಂದು ಗೋಡೆ. ಸುತ್ತಲೂ ಆಕಾಶಕ್ಕೆ ಮೆಟ್ಟಿಲು, ಸುಮಾರು 1,46,000 ಜನ ಕೂರಬಹುದು, ತಳದಲ್ಲಿ ಅರ್ಧ ಮೈಲಿಯ ಕಾಂಕ್ರೀಟ್ ಸುತ್ತು. ತಿರುವಿನಲ್ಲಿ ರಸ್ತೆ 24ರಿಂದ 28 ಡಿಗ್ರಿ ವಾಲಿದೆ. ಟೀವಿಯಲ್ಲಿ ಈ ವಾಲು ಗೊತ್ತೇ ಆಗುವುದಿಲ್ಲ. ನೇರ ನೋಡಿದರೆ ಇದರ ಮೇಲೆ ನಡೆಯುವುದೂ ಕಷ್ಟ ಅನ್ನಿಸುತ್ತದೆ.

ಶುಕ್ರವಾರದ ಟ್ರಕ್ ರೇಸಿಗೆ ಸ್ಟೇಡಿಯಂ ತುಂಬುವುದಿಲ್ಲ. ಭಾನುವಾರದ ಕಪ್ ರೇಸಿಗೆ, ಅಂದರೆ ನಾಸ್ಕಾರ್ ಕಾರುಗಳ ಎಲ್ಲಕ್ಕಿಂತ ಮೇಲಿನ ದರ್ಜೆಗೆ, ಬರುವವರೇ ಬೇರೆ. ಖಾಲಿ ಸಾಲುಗಳೇ ಜಾಸ್ತಿ ಇದ್ದವು, ಆದರೆ ಬಂದವರು ಸುಮ್ನೆ ಬಂದವರಲ್ಲ. ನಮ್ಮ ಮುಂದಿನ ಸಾಲಿನ ಅಜ್ಜಿಯ ಕುತ್ತಿಗೆಗೆ ಸ್ಕ್ಯಾನರ್, ಕಿವಿಗೆ ದೊಡ್ಡ ಹೆಡ್‌ಫೋನು, ತೊಡೆಯ ಮೇಲೆ ಪೆನ್ಸಿಲ್ ಪುಸ್ತಕ. ಚಾಲಕ ಮತ್ತು ಅವನ ಟೀಮಿನ ಮಾತುಕತೆ ಬಚ್ಚಿಟ್ಟದ್ದಲ್ಲ, ಸ್ಕ್ಯಾನರ್ ಇದ್ದರೆ ಯಾರು ಬೇಕಾದರೂ ಕೇಳಬಹುದು. ನಾವೂ ಒಂದು ಬಾಡಿಗೆಗೆ ತಗೊಂಡೆವು. ಮೊದಲು ಪ್ರಾರ್ಥನೆ, ಆಮೇಲೆ ರಾಷ್ಟ್ರಗೀತೆ, ಆಮೇಲೆ ಎಂಜಿನ್ ಶುರು ಮಾಡಿ ಅನ್ನುವ ಕೂಗು. ಆ ಮೂವತ್ತು ಚಿಲ್ಲರೆ ಎಂಜಿನ್ ಒಟ್ಟಿಗೆ ಎದ್ದಾಗ ಸದ್ದು ಕಿವಿಗೆ ಬರುವುದಿಲ್ಲ, ಎದೆಗೆ ಬರುತ್ತದೆ.

ಒಂದು ಸುತ್ತಿಗೆ ಹದಿನೈದು, ಹದಿನಾರು ಸೆಕೆಂಡು. 250 ಸುತ್ತು. ಹಸಿರು ಬಾವುಟ ಬಿದ್ದು ಸ್ವಲ್ಪ ಹೊತ್ತಿಗೇ ಮುಂದಿನವನು ಹಿಂದಿನವರ ಬಾಲ ಹಿಡಿದಿರುತ್ತಾನೆ, ಆಮೇಲೆ ಯಾರು ಮುಂದೆ ಯಾರು ಹಿಂದೆ ಅಂತ ಬರಿಗಣ್ಣಿಗೆ ತಿಳಿಯದು, ಮೇಲೆ ತೂಗುಬಿಟ್ಟ ನಾಲ್ಕು ಮುಖದ ದೊಡ್ಡ ಪರದೆಯೇ ಗತಿ. ನಾನು ಒಂದೇ ಗಾಡಿ ಹಿಡಿದು ನೋಡತೊಡಗಿದೆ. ಆಗ ಆಟ ಅರ್ಥವಾಯಿತು. ಸ್ಕ್ಯಾನರಿನಲ್ಲಿ ಸ್ಪಾಟರ್ ದನಿ ಬಿಡುವಿಲ್ಲದೆ: ಒಳಗಿದ್ದಾನೆ, ಇನ್ನೂ ಒಳಗಿದ್ದಾನೆ, ಬಾಗಿಲ ಹತ್ತಿರ, ದಾಟಿದ. ಚಾಲಕನಿಗೆ ಪಕ್ಕ ಕಾಣುವುದೇ ಇಲ್ಲ. ಛಾವಣಿಯ ಮೇಲೆ ನಿಂತ ಒಬ್ಬನ ಕಣ್ಣನ್ನು ನಂಬಿ ಓಡಿಸಬೇಕು.

ಪಿಟ್ ಸ್ಟಾಪನ್ನು, ಅಂದರೆ ರೇಸಿನ ನಡುವೆ ಗಾಡಿ ನಿಲ್ಲಿಸಿ ಚಕ್ರ ಬದಲಿಸುವುದನ್ನು, ಮಾತ್ರ ನಾನು ಎದ್ದು ನಿಂತು ನೋಡಿದೆ. ಕಪ್ ಕಾರುಗಳಿಗೆ 2022ರಿಂದ ಚಕ್ರಕ್ಕೆ ಒಂದೇ ನಟ್ಟು. ಇಲ್ಲಿ ಇನ್ನೂ ಹಳೆಯ ಐದು ನಟ್ಟಿನ ಪದ್ಧತಿ. ಗಾಡಿ ನಿಲ್ಲುವ ಮೊದಲೇ ಜಾಕಿನವನು ಬಲಗಡೆಗೆ ಓಡಿರುತ್ತಾನೆ, ಜಾಕ್ ಒಳಗೆ, ಒಂದೇ ಒತ್ತು, ಗಾಡಿ ಮೇಲೆ, ಐದು ನಟ್ಟು ಬಿಚ್ಚಿದ ಸದ್ದು ಒಂದೇ ಸದ್ದಾಗಿ ಕೇಳುತ್ತದೆ. ನಮ್ಮ ಡಿಪೊದಲ್ಲಿ ಹಿಂದಿನ ಜೋಡಿ ಚಕ್ರ ಬಿಚ್ಚಲು ಪೈಪ್ ಹಾಕಿ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದೆವು. ಇರಲಿ.

ಗೆದ್ದವನು ಚಾಂಡ್ಲರ್ ಸ್ಮಿತ್, ಫ್ರಂಟ್ ರೋ ಟೀಮಿನ 38ನೇ ನಂಬರಿನ ಫೋರ್ಡ್. ಎರಡನೆಯವನು ಕೈಲ್ ಲಾರ್ಸನ್. ಲಾರ್ಸನ್ ಅಂದರೆ ಕಪ್ ಚಾಂಪಿಯನ್, ಆ ವಾರಾಂತ್ಯ ಮೂರೂ ದರ್ಜೆಯ ರೇಸಿಗೆ ಹೆಸರು ಕೊಟ್ಟಿದ್ದ. ಶನಿವಾರದ್ದೂ ಭಾನುವಾರದ್ದೂ ಅವನೇ ಗೆದ್ದ, ಭಾನುವಾರ 500 ಸುತ್ತಿನಲ್ಲಿ 411 ಸುತ್ತು ಅವನೇ ಮುಂದೆ. ಅಂಥವನನ್ನು ಟ್ರಕ್ಕಿನ ಹುಡುಗ ಹಿಡಿದು ನಿಲ್ಲಿಸಿದ ಅಂತ ಅಮೋಘ ವಾರಪೂರ್ತಿ ಹೇಳುತ್ತಲೇ ಇದ್ದ. ದೊಡ್ಡವರು ಕೆಳಗಿನ ದರ್ಜೆಗೆ ಬಂದು ಬಹುಮಾನ ಎತ್ತಿಕೊಂಡು ಹೋಗುವುದು ಇಲ್ಲಿ ಹಳೆಯ ಜಗಳ, ಅದಕ್ಕೇ ಅನುಭವಿ ಕಪ್ ಚಾಲಕರಿಗೆ 2025ರಲ್ಲಿ ವರ್ಷಕ್ಕೆ ಐದು ಟ್ರಕ್ ರೇಸು ಅಂತ ಮಿತಿ ಇತ್ತು. ನನಗೇನೋ ಅವರು ಬರುವುದೇ ಸರಿ ಅನ್ನಿಸಿತು. ಬರದಿದ್ದರೆ ಸ್ಮಿತ್ ಎಷ್ಟು ಗಟ್ಟಿ ಅಂತ ತಿಳಿಯುವುದು ಹೇಗೆ?

ಶನಿವಾರ, ಏಪ್ರಿಲ್ 12 – ವಿಲ್ಕ್ಸ್‌ಬರೊ ದಾರಿ

ಮೋಟೆಲಿನಲ್ಲಿ ಕಾಫಿ ಅನ್ನುವ ಕಪ್ಪು ನೀರು ಕುಡಿದು, 421ರಲ್ಲೇ ವಾಪಸ್. ಈ ಸಲ ಬೂನ್‌ನಿಂದ ಪೂರ್ವಕ್ಕೆ, ವಿಲ್ಕ್ಸ್ ಕೌಂಟಿಯ ಮೇಲೆ. ನಾಸ್ಕಾರ್ ಹುಟ್ಟಿದ್ದೇ ಕಳ್ಳಭಟ್ಟಿ ಸಾಗಿಸುವವರಿಂದ ಅಂತ ಹೇಳುತ್ತಾರಲ್ಲ, ಅದರಲ್ಲಿ ಅರ್ಧ ಕಥೆ ಈ ಕೌಂಟಿಯದ್ದು. ಇಲ್ಲಿನ ರೊಂಡಾ ಊರಿನ ಜೂನಿಯರ್ ಜಾನ್ಸನ್ ಅಪ್ಪನ ಭಟ್ಟಿಯ ಹತ್ತಿರ ಸಿಕ್ಕಿಬಿದ್ದು ಜೈಲಿಗೆ ಹೋಗಿ, ಹೊರಗೆ ಬಂದು ದೊಡ್ಡ ರೇಸುಗಾರನಾದ. 1986ರಲ್ಲಿ ಅಧ್ಯಕ್ಷ ರೇಗನ್ ಕ್ಷಮಾಪಣೆ ಕೊಟ್ಟರು.

ನಾರ್ತ್ ವಿಲ್ಕ್ಸ್‌ಬರೊ ಟ್ರ್ಯಾಕು 1947ರದ್ದು. ಮುಂದಿನ ನೇರ ರಸ್ತೆ ಇಳಿಜಾರು, ಹಿಂದಿನದು ಏರು. ಸಮ ಮಾಡಲು ಆಗ ದುಡ್ಡು ಸಾಲಲಿಲ್ಲವಂತೆ, ಹಾಗೆಯೇ ಬಿಟ್ಟರು, ಈಗ ಅದೇ ಅದರ ಹೆಸರು. 1996ರಲ್ಲಿ ಕಪ್ ರೇಸು ಕೈಬಿಟ್ಟುಹೋದಮೇಲೆ ಕಳೆ ಬೆಳೆದು ಹಾಳುಬಿತ್ತು. 2019ರಲ್ಲಿ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಒಂದಷ್ಟು ಜನರನ್ನು ಕಟ್ಟಿಕೊಂಡು ಬಂದು ಕಳೆ ಕಿತ್ತು ಗುಡಿಸಿದ್ದು ಇಲ್ಲಿ ರೇಸ್ ಮಾಡಿಸಲಿಕ್ಕೆ ಅಲ್ಲ. ಐರೇಸಿಂಗ್ ಅನ್ನುವ ಕಂಪ್ಯೂಟರ್ ಆಟಕ್ಕೆ ಟ್ರ್ಯಾಕನ್ನು ಅಳೆದು ಇಟ್ಟುಕೊಳ್ಳಲಿ, ಪೂರ್ತಿ ಅಳಿಯುವ ಮೊದಲು, ಅಂತ. ಆಟದಲ್ಲಿ ಉಳಿಯಲಿ ಅಂದುಕೊಂಡಿದ್ದು ನಿಜದಲ್ಲೂ ಎದ್ದು ಕೂತಿತು. ಕೋವಿಡ್ ಪರಿಹಾರದ ದುಡ್ಡಿನಲ್ಲಿ ರಾಜ್ಯ ಸರ್ಕಾರ 1.8 ಕೋಟಿ ಡಾಲರ್ ಕೊಟ್ಟಿತು, 2023ರಿಂದ ಟ್ರಕ್ಕುಗಳೂ ಬಂದವು. ಅಮೋಘ ಬೇಲಿಯಾಚೆಯಿಂದಲೇ "ಆ ಮೂರನೇ ತಿರುವಿನಲ್ಲಿ ಬ್ರೇಕ್ ಎಲ್ಲಿ ಹಾಕಬೇಕು ಗೊತ್ತಾ" ಅಂತ ಅಪ್ಪನಿಗೆ ಪಾಠ ಶುರು ಮಾಡಿದ. ಅವನು ಅಲ್ಲಿಗೆ ಬಂದಿದ್ದು ಅದೇ ಮೊದಲು, ಆದರೆ ಓಡಿಸಿದ್ದು ಸಾವಿರ ಸಲ ಇರಬೇಕು.

ಅವನ ಹೀರೊ ಕೂಡ ಅಂಥವನೇ. ರಾಜಾ ಕರೂತ್. ಹೆಸರು ಕೇಳಿ ನಾನು ನಮ್ಮ ಕಡೆಯವನೇ ಇರಬೇಕು ಅಂದುಕೊಂಡೆ. ವಾಷಿಂಗ್ಟನ್ನಿನ ಕಪ್ಪು ಹುಡುಗ, ಮನೆಯಲ್ಲಿ ಯಾರೂ ರೇಸಿನವರಲ್ಲ, ಐರೇಸಿಂಗ್‌ನಲ್ಲಿ ಕಲಿತು ನಿಜದ ಗಾಡಿಗೆ ಬಂದವನು. ವಿನ್‌ಸ್ಟನ್-ಸೇಲಂನಲ್ಲಿ ಕಾಲೇಜು ಓದುತ್ತಲೇ ರೇಸ್ ಓಡಿಸಿದ, 2024ರಲ್ಲಿ ಲಾಸ್ ವೇಗಾಸ್‌ನಲ್ಲಿ ಮೊದಲ ಗೆಲುವು. "ನೋಡು, ಅವನು ಡಿಗ್ರಿನೂ ಮುಗಿಸಿದ" ಅಂತ ತಮ್ಮ ಸ್ಟೀರಿಂಗ್ ಮೇಲಿಂದ ಕಣ್ಣು ತೆಗೆಯದೆ ಹೇಳಿದ. ಹಿಂದಿನ ಸೀಟಿನಿಂದ ಉತ್ತರ ಬರಲಿಲ್ಲ.

ಭಾನುವಾರ, ಸೋಮವಾರ

ಭಾನುವಾರ ಟೀವಿಯಲ್ಲಿ ಲಾರ್ಸನ್ ಗೆದ್ದದ್ದು ನೋಡಿ ನಿದ್ದೆ ಮಾಡಿದೆ. ಸೋಮವಾರ ದೇವಸ್ಥಾನ, ಕಾಸ್ಟ್‌ಕೊ, ಮತ್ತೆ ಕಾಸ್ಟ್‌ಕೊ.

ಮಂಗಳವಾರ, ಏಪ್ರಿಲ್ 15 – ಮೂರ್ಸ್‌ವಿಲ್

ಈ ಪ್ರವಾಸದಲ್ಲಿ ಒಂದೇ ದಿನ ಇಟ್ಟುಕೊಂಡು ಉಳಿದದ್ದೆಲ್ಲ ಬಿಡು ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ತಮ್ಮನ ಪಕ್ಕದ ಮನೆಯವರು ಒಂದು ಟ್ರಕ್ ಟೀಮಿನಲ್ಲಿ ಫ್ಯಾಬ್ರಿಕೇಟರ್. ತಗಡು, ಪೈಪು, ವೆಲ್ಡಿಂಗ್ ಕೆಲಸ. ಟೀಮಿನ ಹೆಸರು ಬೇಡ, ಅವರೇ ಬೇಡ ಅಂದರು. ನಾನು ಡಿಪೊದವನು ಅಂತ ತಮ್ಮ ಹೇಳಿದ್ದಕ್ಕೆ "ಬನ್ನಿ, ಮಂಗಳವಾರ ಸ್ವಲ್ಪ ಬಿಡುವಿರುತ್ತೆ" ಅಂದಿದ್ದರು.

ಷಾರ್ಲೆಟ್‌ನಿಂದ ಉತ್ತರಕ್ಕೆ ಮುಕ್ಕಾಲು ಗಂಟೆಯೂ ಇಲ್ಲ. ಊರಿನ ಬೋರ್ಡಿನಲ್ಲೇ 'ರೇಸ್ ಸಿಟಿ ಯುಎಸ್ಎ' ಅಂತ ಇದೆ. ಆದರೆ ನೋಡಲು ಏನೂ ಇಲ್ಲ, ಸಾಲುಸಾಲು ತಗಡಿನ ಶೆಡ್ಡು, ಮುಂದೆ ಹುಲ್ಲು, ಒಂದು ಚಿಕ್ಕ ನಾಮಫಲಕ. ಒಂದರಲ್ಲಿ ಎಂಜಿನ್, ಇನ್ನೊಂದರಲ್ಲಿ ಬರೀ ಸೀಟು, ಮತ್ತೊಂದರಲ್ಲಿ ಸ್ಟಿಕ್ಕರ್. ಕೈಲ್ ಬುಷ್ ಕಟ್ಟಿಸಿದ ದೊಡ್ಡ ಶೆಡ್ಡು ಈಗ ಸ್ಪೈರ್ ಟೀಮಿನದು. ಟ್ರಕ್ ಸರಣಿಯಲ್ಲಿ ಅತಿ ಹೆಚ್ಚು ರೇಸ್ ಗೆದ್ದವನು ಅದೇ ಬುಷ್, 2025ರ ಫೆಬ್ರವರಿಯಲ್ಲಿ ಅಟ್ಲಾಂಟಾದಲ್ಲಿ ಗೆದ್ದದ್ದು 67ನೆಯದು. ಕೆರೊಲಿನಾ ಬಿಟ್ಟು ಹೊರಗೆ ಕೂತು ಗೆಲ್ಲುವ ಟೀಮು ಅಂದರೆ ಒಹಾಯೊದ ಸ್ಯಾಂಡಸ್ಕಿಯ ಥೋರ್‌ಸ್ಪೋರ್ಟ್, ಆಗ ಮ್ಯಾಟ್ ಕ್ರಾಫ್ಟನ್‌ನ ಮನೆ. ಕ್ರಾಫ್ಟನ್ ಮೂರು ಸಲ ಚಾಂಪಿಯನ್, ಅದರಲ್ಲಿ 2019ರದ್ದನ್ನು ಇಡೀ ವರ್ಷ ಒಂದೂ ರೇಸ್ ಗೆಲ್ಲದೆ ಪಡೆದ. ಇದನ್ನು ಹೇಳಿ ನಗುವವರು ಬಹಳ. ನನಗೆ ಅದರಲ್ಲಿ ನಗು ಬರುವುದಿಲ್ಲ. ಕೆಟ್ಟು ನಿಲ್ಲದೆ ವರ್ಷಪೂರ್ತಿ ಓಡುವುದು ಎಷ್ಟು ಕಷ್ಟ ಅಂತ ಶೆಡ್ಯೂಲ್ ಓಡಿಸಿದವರಿಗೆ ಗೊತ್ತು.

ಒಳಗೆ ಹೋದರೆ ನೆಲದ ಮೇಲೆ ಒಂದು ತೊಟ್ಟು ಎಣ್ಣೆ ಇಲ್ಲ. ಬ್ರಿಸ್ಟಲ್‌ನಲ್ಲಿ ನಾವು ನೋಡಿದ ಗಾಡಿ ಬಿಚ್ಚಿಟ್ಟ ಹಾಗೆ ನಿಂತಿತ್ತು. ಶುಕ್ರವಾರ ರಾತ್ರಿಯೇ ಲಾರಿ ಹೊರಟು ಬೆಳಗಿನ ಜಾವ ಬಂದಿಳಿದದ್ದಂತೆ. ಬಲಗಡೆ ಬಾಗಿಲ ಉದ್ದಕ್ಕೂ ಕಪ್ಪು ಗೀರು, ಬೇರೆಯವರ ಟೈರಿನ ಗುರುತು. ಪಕ್ಕದಲ್ಲಿ ರಾಕಿಂಗ್‌ಹ್ಯಾಮಿಗೆ ಹೋಗುವ ಇನ್ನೊಂದು ಗಾಡಿ, ಅದು ಆಗಲೇ ಮುಕ್ಕಾಲು ತಯಾರು.

ನಾನು ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಹೆಡ್‌ಲೈಟ್ ಇಲ್ಲ, ಸ್ಟಿಕ್ಕರ್. ಬಾಗಿಲು ತೆರೆಯುವುದಿಲ್ಲ, ಕಿಟಕಿಯಿಂದ ಹತ್ತಬೇಕು. ಹಿಂದೆ ಸಾಮಾನು ತುಂಬುವ ತೊಟ್ಟಿ ಇಲ್ಲ, ಮೇಲೆ ಚಪ್ಪಟೆ ಮುಚ್ಚಳ. ಒಳಗೆ ಕಬ್ಬಿಣದ ಪೈಪಿನ ಪಂಜರ. ಎಂಜಿನ್ ಇನ್ನೂ ತಮಾಷೆ. 2018ರಿಂದ ಹೆಚ್ಚುಕಡಿಮೆ ಎಲ್ಲರೂ ಹಾಕುವುದು ಇಲ್ಮೋರ್ ಕಂಪನಿಯ ಒಂದೇ ಎಂಜಿನ್, 396 ಕ್ಯೂಬಿಕ್ ಇಂಚಿನ ವಿ8, ಅಂದರೆ ಸುಮಾರು ಆರೂವರೆ ಲೀಟರ್. ಅದರ ಮೂಲ ಷೆವರ್ಲೆಯ ಎಂಜಿನ್. ಅದನ್ನೇ ಟೊಯೋಟಾ ಟಂಡ್ರಾದಲ್ಲೂ ಹಾಕಿ, ಫೋರ್ಡ್ ಎಫ್-150ಯಲ್ಲೂ ಹಾಕಿ, ಆಮೇಲೆ ಕಂಪನಿಗಳ ಅಭಿಮಾನಿಗಳು ಕುತ್ತಿಗೆಯ ನರ ಉಬ್ಬಿಸಿಕೊಂಡು ಜಗಳವಾಡುತ್ತಾರೆ. ಆದರೆ ಇದರಿಂದಲೇ ಚಿಕ್ಕ ಟೀಮುಗಳು ಬದುಕಿವೆ ಅಂದರು. ಸ್ವಂತ ಎಂಜಿನ್ ಕೋಣೆ ಇಟ್ಟುಕೊಳ್ಳಬೇಕಿಲ್ಲ, ಒಂದೇ ಎಂಜಿನ್ ಹಲವು ರೇಸಿಗೆ ಬರುತ್ತದೆ.

"ಹಾಗಾದರೆ ಇದರಲ್ಲಿ ಪಿಕಪ್ ಅನ್ನೋದು ಏನಿದೆ?" ಅಂತ ಕೇಳಿದೆ. ಅವರು ನಕ್ಕು, ಹಿಂದಿನ ಚಕ್ರದ ಕಡೆ ಕರೆದುಕೊಂಡು ಹೋಗಿ, ಕೆಳಗೆ ಬಗ್ಗಿ ತೋರಿಸಿದರು. ನಾನು ಬಗ್ಗಲಿಲ್ಲ, ಮಲಗಿಯೇ ಬಿಟ್ಟೆ. ಹಿಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು. ಅದನ್ನು ಹಿಡಿದಿಟ್ಟಿರುವುದು ಎರಡು ಉದ್ದನೆಯ ಕೈಗಳು, ಮುಂದಕ್ಕೆ ಗಾಡಿಯ ನಡುವಿಗೆ ಬಂದು ಸೇರುತ್ತವೆ. ಹೆಸರು ಟ್ರಕ್ ಆರ್ಮ್. 1960ರ ದಶಕದ ಷೆವರ್ಲೆ ಪಿಕಪ್ ಗಾಡಿಯಲ್ಲಿ ಇದ್ದದ್ದು, ಗಟ್ಟಿ ಅಂತ ರೇಸಿನವರು ಎತ್ತಿಕೊಂಡರು, ಕಪ್ ಕಾರುಗಳಲ್ಲೂ 2021ರವರೆಗೆ ಅದೇ ಇತ್ತು. ಈಗ ಕಪ್‌ನಲ್ಲಿ ಹೋಯಿತು, ಇಲ್ಲಿ ಉಳಿದಿದೆ. ಹೊರಗೆ ಕಾಣುವ ಪಿಕಪ್ ಎಲ್ಲ ಸುಳ್ಳು, ಯಾರಿಗೂ ಕಾಣದ ಜಾಗದಲ್ಲಿ ಅರವತ್ತು ವರ್ಷದ ನಿಜವಾದ ಪಿಕಪ್ಪಿನ ತುಂಡು. ನನಗೆ ಎದ್ದು ಬರಲು ಮನಸ್ಸೇ ಇರಲಿಲ್ಲ. ತಮ್ಮ "ಅಣ್ಣ, ಸಾಕು ಏಳೋ" ಅಂದ.

ಮಧ್ಯಾಹ್ನ ಊಟದ ಹೊತ್ತಿಗೆ ಮಾತು ದುಡ್ಡಿನ ಕಡೆ ತಿರುಗಿತು. ಈ ಸರಣಿಯಲ್ಲಿ ಓಡಿಸುವ ಎಷ್ಟೋ ಹುಡುಗರು ತಾವೇ ಪ್ರಾಯೋಜಕರನ್ನು ಕರೆತರಬೇಕು, ಇಲ್ಲವೇ ಮನೆಯ ದುಡ್ಡು. ಚಿಕ್ಕ ಟ್ರ್ಯಾಕುಗಳಲ್ಲಿ ಹದಿನಾರು ವರ್ಷಕ್ಕೇ ಬಿಡುತ್ತಾರೆ, ದೊಡ್ಡದಕ್ಕೆ ಹದಿನೆಂಟು. ಹದಿನಾರರ ಹುಡುಗನ ಪಕ್ಕದಲ್ಲಿ ನಲವತ್ತೆಂಟರ ಕ್ರಾಫ್ಟನ್. ಟೋನಿ ಬ್ರೈಡಿಂಗರ್ ಅನ್ನುವ ಹುಡುಗಿ 2025ರಲ್ಲಿ ಪೂರ್ತಿ ಸೀಸನ್ ಓಡಿಸುತ್ತಿದ್ದಳು. ಇವರ ನಡುವೆ ಸ್ವಂತ ಚಿಕ್ಕ ಶೆಡ್ಡಿನಿಂದ ಬರುವ ಮುದುಕರೂ ಇದ್ದಾರೆ. ನಾರ್ಮ್ ಬೆನಿಂಗ್ ಅಂತ ಒಬ್ಬರು, 2013ರಲ್ಲಿ ಎಲ್ಡೋರಾದ ಮಣ್ಣಿನ ಟ್ರ್ಯಾಕಿನಲ್ಲಿ ಕೊನೆಯ ಅರ್ಹತಾ ಓಟ, ಆಗಲೇ ವಯಸ್ಸು ಅರವತ್ತು ದಾಟಿತ್ತು. ಹಿಂದಿನವನು ಗುದ್ದಿ ಗುದ್ದಿ ಗೋಡೆಗೆ ತಳ್ಳಿದರೂ ಬಿಡದೆ ಮುಖ್ಯ ರೇಸಿನ ಜಾಗ ಉಳಿಸಿಕೊಂಡರು, ಕಿಟಕಿಯಿಂದ ಹೊರಗೆ ಕೈ ಚಾಚಿ ಬೆರಳು ತೋರಿಸುತ್ತಾ. ಇದನ್ನು ಹೇಳುವಾಗ ಫ್ಯಾಬ್ರಿಕೇಟರ್ ಎರಡೂ ಕೈ ಬಿಟ್ಟು ಅಭಿನಯ ಮಾಡಿದರು, ಸ್ಯಾಂಡ್‌ವಿಚ್ ಪೂರ್ತಿ ಚೆಲ್ಲಿತು.

ಬುಧವಾರ, ಏಪ್ರಿಲ್ 16 – ಹಾಲ್ ಆಫ್ ಫೇಮ್

ಷಾರ್ಲೆಟ್ ನಗರದ ಮಧ್ಯದಲ್ಲೇ ಇದೆ, 2010ರಲ್ಲಿ ತೆರೆದದ್ದು. ಬಾಗಿದ ಇಳಿಜಾರಿನ ಮೇಲೆ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ನಡೆಯುತ್ತಾ ಹೋದಂತೆ ಇಳಿಜಾರು ಹೆಚ್ಚಾಗುತ್ತದೆ. ಚೆನ್ನಾಗಿದೆ. ಆದರೆ ಟ್ರಕ್ಕಿಗೆ ಸಿಕ್ಕ ಜಾಗ ಕಡಿಮೆ, ಎಲ್ಲ ಕಪ್‌ನವರದ್ದೇ ದರ್ಬಾರು.

ಟ್ರಕ್ ಸರಣಿ ಹುಟ್ಟಿದ್ದು ಇಲ್ಲಿ ಅಲ್ಲ, ಪಶ್ಚಿಮದಲ್ಲಿ. ಮರಳುಗಾಡಿನಲ್ಲಿ ರೇಸ್ ಓಡಿಸುವ ನಾಲ್ಕು ಜನ ಸೇರಿ ಪಿಕಪ್ಪಿಗೂ ಒಂದು ಸರಣಿ ಬೇಕು ಅಂತ ಹಟ ಹಿಡಿದರು, 1994ರ ಡೇಟೋನಾದಲ್ಲಿ ಮಾದರಿ ಗಾಡಿ ತಂದು ತೋರಿಸಿದರು. 1995ರ ಫೆಬ್ರವರಿ 5ರಂದು ಫೀನಿಕ್ಸ್‌ನಲ್ಲಿ ಮೊದಲ ರೇಸು, ಮೈಕ್ ಸ್ಕಿನ್ನರ್ ಗೆದ್ದ, ಆ ವರ್ಷದ ಚಾಂಪಿಯನ್ನೂ ಅವನೇ. ಆಗ ರೇಸಿನ ನಡುವೆ ನಾಟಕದ ಹಾಗೆ ಇಂಟರ್‌ವಲ್ ಇತ್ತು! ಕೆಲವು ಹಳ್ಳಿ ಟ್ರ್ಯಾಕುಗಳಲ್ಲಿ ಪಿಟ್ ರಸ್ತೆಯೇ ಸರಿಯಾಗಿ ಇರಲಿಲ್ಲ, ಪಿಟ್ ಹುಡುಗರನ್ನು ಸಾಕುವ ಖರ್ಚೂ ಬೇಡ ಅಂತ, ಗಾಡಿ ನಿಲ್ಲಿಸಿ ಟೈರು ಬದಲಿಸಿ, ಟೀವಿಯವರು ಚಾಲಕರ ಸಂದರ್ಶನ ಮಾಡಿ, ಮತ್ತೆ ಶುರು. ಅದನ್ನು ಯಾಕೆ ಬಿಟ್ಟರೋ. ನಾನಾಗಿದ್ದರೆ ಉಳಿಸಿಕೊಳ್ಳುತ್ತಿದ್ದೆ.

ರಾನ್ ಹಾರ್ನಡೇ ಹೆಸರು ಗೋಡೆಯ ಮೇಲಿದೆ. ನಾಲ್ಕು ಸಲ ಟ್ರಕ್ ಚಾಂಪಿಯನ್, 2018ರಲ್ಲಿ ಇಲ್ಲಿಗೆ ಸೇರಿಸಿದರು. ಕ್ಯಾಲಿಫೋರ್ನಿಯಾದಿಂದ ಬಂದ ಇವನ ಮನೆಯ ಸೋಫಾ ಮೇಲೆ ಕೆವಿನ್ ಹಾರ್ವಿಕ್, ಜಿಮ್ಮಿ ಜಾನ್ಸನ್ ಎಲ್ಲ ಮಲಗಿ ಎದ್ದವರು. ಆಮೇಲೆ ಇಬ್ಬರೂ ಕಪ್ ಚಾಂಪಿಯನ್ ಆದರು, ಸೋಫಾದ ಒಡೆಯ ಟ್ರಕ್ಕಿನಲ್ಲೇ ದೊಡ್ಡವನಾಗಿ ಉಳಿದ. ಆ ಸೋಫಾವನ್ನೂ ತಂದಿಡಬಹುದಿತ್ತು.

ಗುರುವಾರ ಎಲ್ಲಿಗೂ ಹೋಗಲಿಲ್ಲ, ಸಂಕಟ ಆಗುವಷ್ಟು ಹೋಳಿಗೆ ತಿಂದೆ.

ಶುಕ್ರವಾರ, ಏಪ್ರಿಲ್ 18 – ರಾಕಿಂಗ್‌ಹ್ಯಾಮ್

ಗುಡ್ ಫ್ರೈಡೇ. ಅಮೋಘನಿಗೆ ಸ್ಕೂಲ್ ರಜೆ. 74ನೇ ಹೆದ್ದಾರಿಯಲ್ಲಿ ಮನ್ರೊ, ವೇಡ್ಸ್‌ಬರೊ ದಾಟಿ ಪೂರ್ವಕ್ಕೆ. ಹೋದಹಾಗೆ ಮಣ್ಣು ಬಿಳಿಯಾಗುತ್ತದೆ, ಪೈನ್ ಮರ, ಮರಳು. ಸ್ಯಾಂಡ್‌ಹಿಲ್ಸ್ ಅಂತಲೇ ಹೆಸರು.

ಈ ಟ್ರ್ಯಾಕು 1965ರದ್ದು. 1994ರಲ್ಲಿ ಆ ಜೂನಿಯರ್‌ನ ಅಪ್ಪ ಡೇಲ್ ಅರ್ನ್‌ಹಾರ್ಟ್ ಏಳನೇ ಕಪ್ ಕಿರೀಟ ಖಚಿತಪಡಿಸಿಕೊಂಡದ್ದು ಇಲ್ಲಿ. 2001ರಲ್ಲಿ ಅವರು ಡೇಟೋನಾದಲ್ಲಿ ತೀರಿಕೊಂಡ ಮುಂದಿನ ವಾರದ ರೇಸ್ ನಡೆದದ್ದೂ ಇಲ್ಲೇ, ಅವರದೇ ಟೀಮಿನ ಸ್ಟೀವ್ ಪಾರ್ಕ್ ಗೆದ್ದದ್ದು. 2004ರಲ್ಲಿ ಕಪ್ ರೇಸನ್ನು ಬೇರೆ ದೊಡ್ಡ ಊರಿಗೆ ಕೊಟ್ಟುಬಿಟ್ಟರು. 2012, 2013ರಲ್ಲಿ ಟ್ರಕ್ಕುಗಳು ಬಂದು ಹೋದವು, ಎರಡನೆಯದನ್ನು ಗೆದ್ದವನು ಆಗ ಇನ್ನೂ ಹುಡುಗನಾಗಿದ್ದ ಇದೇ ಲಾರ್ಸನ್. ಆಮೇಲೆ ಬಾಗಿಲು. ಇದಕ್ಕೂ ರಾಜ್ಯದ ದುಡ್ಡು ಬಂತು, ಸುಮಾರು 90 ಲಕ್ಷ ಡಾಲರ್, ಹೊಸ ಡಾಂಬರು ಹಾಕಿದರು. ಹನ್ನೆರಡು ವರ್ಷದ ಮೇಲೆ ನಾಸ್ಕಾರ್ ವಾಪಸ್ ಬಂದ ಮೊದಲ ದಿನ ನಾವು ಅಲ್ಲಿದ್ದೆವು.

ಬ್ರಿಸ್ಟಲ್‌ನಲ್ಲಿ ಇಲ್ಲದ್ದು ಇಲ್ಲಿ ಇತ್ತು. ಇಡೀ ಊರೇ ಬಂದಿತ್ತು. ಚರ್ಚಿನವರು ಹುಲ್ಲಿನ ಮೇಲೆ ಪಾರ್ಕಿಂಗ್ ಮಾಡಿಸಿ ದುಡ್ಡು ಎತ್ತುತ್ತಿದ್ದರು, ಹೈಸ್ಕೂಲ್ ಮಕ್ಕಳು ನೀರು ಮಾರುತ್ತಿದ್ದರು, ಪೆಟ್ರೋಲ್ ಬಂಕಿನಲ್ಲಿ ಕ್ಯೂ. ನಮ್ಮ ಪಕ್ಕ ಕೂತವರು ಬಟ್ಟೆ ಗಿರಣಿಯಲ್ಲಿದ್ದವರು, ಗಿರಣಿ ಮುಚ್ಚಿ ಎಷ್ಟೋ ವರ್ಷ ಆಯಿತಂತೆ. "ಗಿರಣಿ ಹೋಯಿತು, ರೇಸು ಹೋಯಿತು, ಇದೊಂದು ವಾಪಸ್ ಬಂತು" ಅಂದರು. ನಮ್ಮ ಚಿತ್ರಾನ್ನ ತಿಂದು ನೋಡಿ ನಿಂಬೆಹಣ್ಣಿನದಾ ಅಂತ ಕೇಳಿದರು, ಎರಡನೇ ಸಲ ಹಾಕಿಸಿಕೊಂಡರು.

ಬೆಳಕಿನಲ್ಲೇ ರೇಸು, 200 ಸುತ್ತು, ಒಂದು ಮೈಲಿಗೆ ಸ್ವಲ್ಪ ಕಡಿಮೆಯ ಸುತ್ತು. ಹಳೆಯ ರಾಕಿಂಗ್‌ಹ್ಯಾಮ್ ಡಾಂಬರು ಮರಳು ಕಾಗದದ ಥರ ಟೈರು ತಿನ್ನುತ್ತಿತ್ತಂತೆ. ಹೊಸದು ನುಣುಪು, ಟೈರು ಸವೆಯುವುದಿಲ್ಲ. ಹಾಗಾಗಿ ಹಳಬರು ನೆನೆಸಿಕೊಳ್ಳುವ ಜಾರಾಟ ಕಾಣಲಿಲ್ಲ, ಹಿಂದಿನಿಂದ ಬಂದು ದಾಟುವುದು ಬಹಳ ಕಷ್ಟವಾಗಿತ್ತು. ಇದನ್ನು ಹೇಳಬೇಕು, ಯಾಕೆಂದರೆ ಎಲ್ಲರೂ ಆ ದಿನ ಬರೀ ಹೊಗಳುತ್ತಿದ್ದರು.

ಟೈರು ಸವೆಯದಿದ್ದರೆ ಆಟ ಟ್ಯಾಂಕಿಗೆ ಬರುತ್ತದೆ. ಕೊನೆಯ ಘಟ್ಟದಲ್ಲಿ ಸ್ಕ್ಯಾನರಿನಲ್ಲಿ ಬರೀ ಅದೇ ಮಾತು: ಉಳಿಸು, ಉಳಿಸು. ಆಕ್ಸಿಲರೇಟರನ್ನು ತಿರುವಿಗೆ ಬಹಳ ಮೊದಲೇ ಬಿಟ್ಟು, ಗಾಡಿ ತೇಲಿಕೊಂಡು ಹೋಗಲಿ ಅಂತ ಬಿಡುವುದು. ಡಿಪೊದಲ್ಲಿ ಕೆಎಂಪಿಎಲ್ (ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವ ಲೆಕ್ಕ) ಜಾಸ್ತಿ ಕೊಟ್ಟ ಡ್ರೈವರಿಗೆ ವರ್ಷಕ್ಕೊಮ್ಮೆ ಶಾಲು ಹೊದಿಸುತ್ತಿದ್ದೆವು, ಇಲ್ಲಿ ಟ್ರೋಫಿಯನ್ನೇ ಕೊಟ್ಟರು. ಗೆದ್ದವನು ಟೈಲರ್ ಆಂಕ್ರಮ್, 18ನೇ ನಂಬರಿನ ಷೆವರ್ಲೆ. 2019ರಲ್ಲಿ ಕೆಂಟಕಿಯಲ್ಲಿ ಗೆದ್ದಮೇಲೆ ಅವನಿಗೆ ಇದೇ ಎರಡನೇ ಗೆಲುವು. ಆರು ವರ್ಷ ಹತ್ತಿರ ಹತ್ತಿರ. ಅಷ್ಟು ವರ್ಷ ಗೆಲ್ಲದವನನ್ನು ಟೀಮುಗಳು ಇಟ್ಟುಕೊಳ್ಳುವುದೇ ಅಪರೂಪ. ಗಿರಣಿಯವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರು ಬೇರೆ ಯಾರದೋ ಟೊಪ್ಪಿ ಹಾಕಿಕೊಂಡಿದ್ದರು.

ಶನಿವಾರ, ಏಪ್ರಿಲ್ 19 ಮತ್ತು ಆಮೇಲೆ

ಶನಿವಾರ ಅದೇ ಟ್ರ್ಯಾಕಿನಲ್ಲಿ ಎರಡನೇ ದರ್ಜೆಯ ರೇಸು, ಮನೆಯಲ್ಲೇ ನೋಡಿದೆವು. ಜೆಸ್ಸಿ ಲವ್ ಗೆದ್ದ, ಹೊಗೆ ಎಬ್ಬಿಸಿ ಕುಣಿದ, ಟ್ರೋಫಿ ಎತ್ತಿದ. ಆಮೇಲೆ ತಪಾಸಣೆಯಲ್ಲಿ ಹಿಂದಿನ ಸಸ್ಪೆನ್ಷನ್ ಸರಿಯಿಲ್ಲ ಅಂತ ಅನರ್ಹ. ಗೆಲುವು ಸ್ಯಾಮಿ ಸ್ಮಿತ್‌ಗೆ ಹೋಯಿತು. ಫೆಬ್ರವರಿಯಲ್ಲಿ ಡೇಟೋನಾದ ಟ್ರಕ್ ರೇಸಿನಲ್ಲೂ ಹೀಗೇ ಆಗಿತ್ತು, ಪಾರ್ಕರ್ ಕ್ಲಿಗರ್‌ಮನ್ ಗೆದ್ದು, ಗಾಡಿಯ ಹಿಂಭಾಗದ ಎತ್ತರ ಕಡಿಮೆ ಅಂತ ಕಳೆದುಕೊಂಡ, ಎರಡನೆಯವನಾಗಿದ್ದ ಕೋರಿ ಹೈಮ್‌ಗೆ ಸಿಕ್ಕಿತು. ತಮ್ಮನಿಗೆ ಇದು ಅನ್ಯಾಯ. ನನಗಲ್ಲ. ಅಳತೆ ಅಂದಮೇಲೆ ಅಳತೆ.

ಆ ಹೈಮ್‌ದೇ ಉಳಿದ ವರ್ಷ. ನಾನು ಊರಿಗೆ ಬಂದಮೇಲೆ ಅಮೋಘ ರೇಸ್ ಮುಗಿದ ಕೂಡಲೇ ವಾಟ್ಸಾಪಿನಲ್ಲಿ ಕಳಿಸುತ್ತಿದ್ದ. ಮೇನಲ್ಲಿ ವಿಲ್ಕ್ಸ್‌ಬರೊದಲ್ಲಿ ಮತ್ತೆ ಚಾಂಡ್ಲರ್ ಸ್ಮಿತ್. ಅದೇ ತಿಂಗಳ ಕೊನೆಗೆ ನ್ಯಾಶ್‌ವಿಲ್‌ನಲ್ಲಿ ಅವನ ರಾಜಾ ಕರೂತ್ ಗೆದ್ದಾಗ ಬಂದದ್ದು ಬರೀ ಕಿರುಚಾಟದ ಆಡಿಯೊ. ಜೂನ್‌ನಲ್ಲಿ, ಹದಿಮೂರು ವರ್ಷ ಹತ್ತಿರ ದೂರವಿದ್ದ ರ‍್ಯಾಮ್ ಕಂಪನಿ 2026ಕ್ಕೆ ಟ್ರಕ್ಕಿಗೆ ವಾಪಸ್ ಬರುತ್ತೆ ಅನ್ನುವ ಸುದ್ದಿ. ಮಿಕ್ಕದ್ದೆಲ್ಲ ಹೈಮ್, ಹೈಮ್, ಹೈಮ್. ಒಟ್ಟು 12 ರೇಸ್ ಗೆದ್ದ, 1999ರಲ್ಲಿ ಬಿಫಲ್ ಮಾಡಿದ್ದ 9ರ ದಾಖಲೆ ಮುರಿಯಿತು.

ಇಷ್ಟಾದರೂ ಕಿರೀಟಕ್ಕೆ ಅಕ್ಟೋಬರ್ 31ರಂದು ಫೀನಿಕ್ಸ್‌ನಲ್ಲಿ ನಾಲ್ವರ ನಡುವೆ ಒಂದೇ ರೇಸು, ಅಲ್ಲಿ ಮುಂದೆ ಬಂದವನೇ ಚಾಂಪಿಯನ್ ಅನ್ನುವ ನಿಯಮ. ವರ್ಷವೆಲ್ಲ ಗೆದ್ದವನು ಒಂದು ಪಂಕ್ಚರಿಗೆ ಎಲ್ಲ ಕಳೆದುಕೊಳ್ಳಬಹುದಿತ್ತು. ಕೊನೆಗೆ ಹೈಮ್ ಹೊಸ ಟೈರು ಹಾಕಿಸಿಕೊಂಡು ಹತ್ತನೇ ಜಾಗದಿಂದ ಶುರು ಮಾಡಬೇಕಾಯಿತು, ಹೆಚ್ಚುವರಿ ಸುತ್ತುಗಳಲ್ಲಿ ಏಳು ಗಾಡಿ ಅಕ್ಕಪಕ್ಕ ಬಂದ ಗುಂಪಿನ ಅಂಚಿನಿಂದ ನುಗ್ಗಿ, ಗೆದ್ದೇಬಿಟ್ಟ. ಅಮೋಘನ ವಿಡಿಯೊವನ್ನು ನಾನು ಹಳೆಯ ಡಿಪೊ ಗ್ರೂಪಿಗೆ ಹಾಕಿದೆ. ಮೊದಲು ಬಂದ ಉತ್ತರ: "ಸಾರ್, ಇದು ಬೊಲೆರೊನಾ?"

2026ರ ಜನವರಿಯಲ್ಲಿ ಆ ಒಂದೇ ರೇಸಿನ ನಿಯಮ ತೆಗೆದುಹಾಕಿದರು. 2026ರಿಂದ ಟ್ರಕ್ಕಿಗೆ ಕೊನೆಯ ಏಳು ರೇಸಿನ ಅಂಕ ಕೂಡಿಸಿ ಚಾಂಪಿಯನ್. ಅಮೋಘನಿಗೆ ಇದು ಬೋರು, ನಾನು ಸರಿ ಅಂತೇನೆ, ವಾದ ಇನ್ನೂ ನಡೆಯುತ್ತಿದೆ.